ಪಾಠದ ಹಾಗಿರುವ ಸಿನಿಮಾ

ಫಿಲಿಪ್ಪೀನ್ಸಿನ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವ ಪದಗಳಲ್ಲಿ ‘ಗೊಂಬುರ್ಝಾ’ ಒಂದು. ಮಾರಿಯಾನೊ ಗೋಮೆಝ್, ಹೊಸೆ ಬುರ್ಗೋಸ್, ಹಸಿಂತೊ ಝಮೋರಾ ಎಂಬ ಮೂವರು ಪಾದ್ರಿಗಳ ಮನೆತನದ ಹೆಸರುಗಳ ಮೊದಲ ತುಣುಕುಗಳನ್ನು ಜೋಡಿಸಿ ಮಾಡಿದ ಪದ ಅದು. 1872ರ ಫೆಬ್ರವರಿ 17ರಂದು ಮನಿಲಾದ ಬಗುಂಬಾಯನ್ ಮೈದಾನದಲ್ಲಿ ಸ್ಪೇನಿನ ವಸಾಹತು ಸರ್ಕಾರ ಈ ಮೂವರನ್ನು ಗರೋಟ್ ಎಂಬ ಯಂತ್ರಕ್ಕೆ ಕಟ್ಟಿ ಕೊಂದಿತು. ಕಂಬಕ್ಕೆ ಒರಗಿಸಿ ಕೂರಿಸಿ, ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕಿ, ಹಿಂದಿನಿಂದ ತಿರುಪು ತಿರುಗಿಸುತ್ತಾ ಹೋಗುವ ಶಿಕ್ಷೆ ಅದು. ಆಗ ಗೋಮೆಝ್‌ಗೆ 72 ವರ್ಷ, ಝಮೋರಾಗೆ 36, ಬುರ್ಗೋಸ್‌ಗೆ 35.

ಈ ಘಟನೆಗೆ ನೂರೈವತ್ತು ವರ್ಷ ತುಂಬಿದ 2022ರಲ್ಲಿ ಅಲ್ಲಿನ ‘ಪಿನೊಯ್ ಬಿಗ್ ಬ್ರದರ್’ ಎಂಬ ಟೀವಿ ರಿಯಾಲಿಟಿ ಶೋನಲ್ಲಿ ಒಂದು ಕ್ವಿಜ್ ನಡೆಯಿತು. ಹುತಾತ್ಮರಾದ ಆ ಮೂವರು ಪಾದ್ರಿಗಳನ್ನು ಒಟ್ಟಾಗಿ ಏನೆಂದು ಕರೆಯುತ್ತಾರೆ ಎಂಬ ಪ್ರಶ್ನೆಗೆ ಸ್ಪರ್ಧಿಯೊಬ್ಬರಿಂದ ಬಂದ ಉತ್ತರ ‘ಮಾಜೊಹಾ’. ಮನೆತನದ ಹೆಸರುಗಳ ಬದಲು ಮಾರಿಯಾನೊ, ಹೊಸೆ, ಹಸಿಂತೊ ಎಂಬ ಮೊದಲ ಹೆಸರುಗಳನ್ನು ಜೋಡಿಸಿದ್ದರಿಂದ ಹುಟ್ಟಿದ ಪದ. ಇಡೀ ದೇಶ ಮೊದಲು ನಕ್ಕಿತು, ಆಮೇಲೆ ಸಿಟ್ಟಾಯಿತು. ಇಂದಿನ ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದು ಹಿರಿಯರು ಎಲ್ಲ ಊರುಗಳಲ್ಲೂ ಬೈಯುವ ಹಾಗೆ ಬೈದರು. ಇನ್ನು ಕೆಲವರು, ಹೊಸ ಪಠ್ಯಕ್ರಮ ಬಂದ ಮೇಲೆ ಪ್ರೌಢಶಾಲೆಯಲ್ಲಿ ದೇಶದ ಇತಿಹಾಸ ಪ್ರತ್ಯೇಕ ವಿಷಯವಾಗಿ ಉಳಿದೇ ಇಲ್ಲವಲ್ಲ, ಮಕ್ಕಳನ್ನು ಬೈದು ಏನು ಫಲ ಎಂದು ಕೇಳಿದರು. ಅದೇ ವರ್ಷ ಸರ್ವಾಧಿಕಾರಿ ಮಾರ್ಕೋಸರ ಮಗ ಚುನಾವಣೆ ಗೆದ್ದು ಅಧ್ಯಕ್ಷರಾದರು. ಆ ಕುಟುಂಬದ ಅರಮನೆಯ ಕೊನೆಯ ದಿನಗಳನ್ನು ಕುಟುಂಬದ ಕಣ್ಣಿನಿಂದಲೇ ಹೇಳುವ ‘ಮೇಡ್ ಇನ್ ಮಲಕನ್ಯಾಂಗ್’ ಸಿನಿಮಾ ತೆರೆ ಕಂಡಿತು. ಅದರಲ್ಲಿ ನಟಿಸಿದ ಕಲಾವಿದೆಯೊಬ್ಬರು ಇತಿಹಾಸವೂ ಒಂದು ಬಗೆಯ ಗಾಳಿಮಾತಿನ ಹಾಗೆ ಎಂದರು. ಅದಕ್ಕೆ ಇತಿಹಾಸಕಾರರು ಉತ್ತರ ಕೊಡಬೇಕಾಯಿತು.

‘ಗೊಂಬುರ್ಝಾ’ ಎಂಬ ಸಿನಿಮಾ ಬಂದದ್ದು ಇದರ ಬೆನ್ನಿಗೆ, 2023ರ ಕ್ರಿಸ್‌ಮಸ್ ದಿನ. ನಿರ್ದೇಶಕ ಪೆಪೆ ಡಿಯೊಕ್ನೊ. ಚಿತ್ರಕಥೆ ಬರೆದವರು ರೋಡಿ ವೆರಾ ಮತ್ತು ಡಿಯೊಕ್ನೊ.

ನನಗೆ ಇದರ ಸುದ್ದಿ ತಲುಪಿದ್ದು ಅಕ್ಕನ ಮಗನಿಂದ. ಅವನು ಮೆಡಿಕಲ್ ಓದಲು ದಾವಾವೋಗೆ ಹೋದವನು. ಕರ್ನಾಟಕದಿಂದ ಹಾಗೆ ಹೋದ ಹುಡುಗ ಹುಡುಗಿಯರು ಆ ಊರಿನಲ್ಲಿ ಬಹಳ ಜನ ಇದ್ದಾರೆ. ಕ್ರಿಸ್‌ಮಸ್ ಬಂತೆಂದರೆ ಅಲ್ಲಿನ ಥಿಯೇಟರುಗಳು ಹಾಲಿವುಡ್ ಚಿತ್ರಗಳನ್ನು ಬದಿಗಿಟ್ಟು ‘ಮೆಟ್ರೊ ಮನಿಲಾ ಫಿಲ್ಮ್ ಫೆಸ್ಟಿವಲ್’ಗೆ ಆಯ್ಕೆಯಾದ ದೇಶದ ಸಿನಿಮಾಗಳನ್ನೇ ಹಾಕುತ್ತವೆ. ಆ ವರ್ಷ ಹತ್ತು ಸಿನಿಮಾಗಳಿದ್ದವು. ಬೇರೆ ಏನೂ ಇಲ್ಲವೆಂದು ಇವನೂ ಸಹಪಾಠಿಗಳ ಜೊತೆ ಮಾಲ್‌ಗೆ ಹೋಗಿದ್ದ. “ಚಿಕ್ಕಮ್ಮ, ನಂಗೆ ಅರ್ಧ ಅರ್ಥ ಆಗ್ಲಿಲ್ಲ. ಸ್ಪ್ಯಾನಿಷ್ ಮಾತಾಡ್ತಾರೆ, ತಗಾಲೋಗ್ ಮಾತಾಡ್ತಾರೆ, ಬರೀ ಮಾತೇ. ಆದ್ರೆ ಕೊನೆಗೆ ಹಾಲ್‌ನಲ್ಲಿ ಒಬ್ರೂ ಪಾಪ್‌ಕಾರ್ನ್ ತಿಂತಿರ್ಲಿಲ್ಲ. ಹೊರಗೆ ಬಂದವ್ರೇ ಎಲ್ರೂ ಫೋನ್ ತೆಗ್ದು ಯಾರು ಏನು ಅಂತ ಹುಡುಕ್ತಾ ನಿಂತ್ರು,” ಎಂದ. ಆಮೇಲೆ ನಾನು ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ಸಿನಿಮಾ ನೋಡಿದೆ. ಅದಕ್ಕಿಂತ ಹೆಚ್ಚು ಹೊತ್ತು ಅದರ ಬಗ್ಗೆ ಬಂದ ವಿಮರ್ಶೆಗಳನ್ನು ಓದುತ್ತಾ ಕಳೆದೆ. ಅವನು ಹೇಳಿದ ‘ಬರೀ ಮಾತು’ ಮತ್ತು ‘ಫೋನ್ ತೆಗೆದು ಹುಡುಕಿದರು’, ಈ ಎರಡರ ನಡುವೆಯೇ ಅಲ್ಲಿನ ವಿಮರ್ಶೆಯೂ ಓಡಾಡುತ್ತಿದೆ ಎಂದು ಓದುತ್ತಾ ಹೋದಂತೆ ಕಂಡಿತು.

ಮೊದಲು ಲೆಕ್ಕದ ವಿಷಯ. ಆ ಉತ್ಸವದ ಒಟ್ಟು ಗಳಿಕೆ 100 ಕೋಟಿ ಪೆಸೊ ದಾಟಿತು. ಅದರಲ್ಲಿ ಸಿಂಹಪಾಲು ಹೋದದ್ದು ‘ರಿವೈಂಡ್’ ಎಂಬ ಗಂಡ-ಹೆಂಡತಿಯ ಕಣ್ಣೀರಿನ ಕಥೆಗೆ. ಉತ್ಸವದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದದ್ದು ‘ಫೈರ್‌ಫ್ಲೈ’. ‘ಗೊಂಬುರ್ಝಾ’ಗೆ ಎರಡನೇ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂತು. ಡಿಯೊಕ್ನೊ ಅತ್ಯುತ್ತಮ ನಿರ್ದೇಶಕರಾದರು, ಬುರ್ಗೋಸ್ ಪಾತ್ರ ಮಾಡಿದ ಸೆಡ್ರಿಕ್ ಹುವಾನ್ ಅತ್ಯುತ್ತಮ ನಟರಾದರು. ಛಾಯಾಗ್ರಹಣ, ಕಲಾ ವಿನ್ಯಾಸ, ಧ್ವನಿ ವಿನ್ಯಾಸಕ್ಕೂ ಪ್ರಶಸ್ತಿಗಳು ಬಂದವು. ಸೆಡ್ರಿಕ್ ಹುವಾನ್ ಆವರೆಗೆ ದೊಡ್ಡ ತಾರೆಯೇನೂ ಆಗಿರಲಿಲ್ಲ.

ವಿಮರ್ಶಕರು ಬಹುಮಟ್ಟಿಗೆ ಒಪ್ಪಿದ್ದು ಸಿನಿಮಾದ ಕೊನೆಯ ಭಾಗವನ್ನು. ಮರಣದಂಡನೆಯ ದೃಶ್ಯವನ್ನು ಮೆಚ್ಚದವರು ಕಡಿಮೆ. ತಕರಾರು ಇರುವುದು ಅದಕ್ಕಿಂತ ಮುಂಚಿನ ಭಾಗದ ಮೇಲೆ. ಪಾತ್ರಗಳು ಬಹಳ, ಹೆಸರುಗಳು ಬಹಳ, ಚರ್ಚೆಗಳು ಬಹಳ. ಒಬ್ಬರ ನಂತರ ಒಬ್ಬರು ಕತ್ತಲೆಯ ಕೋಣೆಗಳಲ್ಲಿ ಕುಳಿತು ವಾದ ಮಂಡಿಸುತ್ತಾರೆ, ಇತಿಹಾಸದ ತರಗತಿಯಲ್ಲಿ ಕುಳಿತ ಹಾಗಾಗುತ್ತದೆ ಎಂಬುದು ಆ ತಕರಾರಿನ ಸಾರ. ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು: ನಾಯಕರಾದ ಮೂವರು ಏನನ್ನೂ ಮಾಡುವುದಿಲ್ಲ. ಅವರಿಗೆ ಎಲ್ಲವೂ ಆಗುತ್ತದೆ. ಬಂಧನ ಆಗುತ್ತದೆ, ವಿಚಾರಣೆ ಆಗುತ್ತದೆ, ಸಾವು ಆಗುತ್ತದೆ. ನೋಡುಗ ಯಾವುದಕ್ಕೆ ಜೋತುಬೀಳಬೇಕು?

‘ಪಾಠದ ಹಾಗಿದೆ’ ಎಂಬುದು ನಮ್ಮ ವಿಮರ್ಶೆಯಲ್ಲೂ ಒಂದು ಬೈಗುಳ. ಕಥೆಯಾಗಲಿ ನಾಟಕವಾಗಲಿ, ‘ಬೋಧನೆ ಜಾಸ್ತಿಯಾಯಿತು’ ಎಂದುಬಿಟ್ಟರೆ ಅಲ್ಲಿಗೆ ಕೃತಿ ಮುಗಿದ ಹಾಗೆ. ನಾನೂ ಆ ಮಾತನ್ನು ಬಳಸುತ್ತೇನೆ, ಮುಂದೆಯೂ ಬಳಸುತ್ತೇನೆ. ಆದರೆ ಈ ಸಿನಿಮಾದ ವಿಷಯದಲ್ಲಿ ಆ ಬೈಗುಳ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು ನೋಡಬೇಕಾದರೆ ಜಗಳ ಯಾವುದರ ಬಗ್ಗೆ ಇತ್ತು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಸ್ಪೇನಿನ ಆಡಳಿತದ ಫಿಲಿಪ್ಪೀನ್ಸಿನಲ್ಲಿ ಎರಡು ಬಗೆಯ ಪಾದ್ರಿಗಳಿದ್ದರು. ಅಗಸ್ಟೀನಿಯನ್, ಡೊಮಿನಿಕನ್, ಫ್ರಾನ್ಸಿಸ್ಕನ್, ರಿಕೊಲೆಟ್ ಮುಂತಾದ ಸನ್ಯಾಸಿ ಸಂಘಗಳಿಗೆ ಸೇರಿದವರು ಒಂದು ಕಡೆ. ಇವರಲ್ಲಿ ಹೆಚ್ಚಿನವರು ಸ್ಪೇನಿನಿಂದ ಬಂದವರು, ಮತ್ತು ಇವರ ಸಂಘಗಳಲ್ಲಿ ಹಲವಕ್ಕೆ ದೊಡ್ಡ ಜಮೀನುಗಳಿದ್ದವು. ಯಾವ ಸಂಘಕ್ಕೂ ಸೇರದೆ ನೇರವಾಗಿ ಬಿಷಪ್ಪರ ಕೆಳಗೆ ಕೆಲಸ ಮಾಡುವ ಪಾದ್ರಿಗಳು ಇನ್ನೊಂದು ಕಡೆ. ಸ್ಥಳೀಯರು, ಮಿಶ್ರ ರಕ್ತದವರು, ಅಲ್ಲೇ ಹುಟ್ಟಿದ ಸ್ಪ್ಯಾನಿಷರು ಇದ್ದದ್ದು ಇವರಲ್ಲಿ. ಚರ್ಚಿನ ನಿಯಮದ ಪ್ರಕಾರ ಊರಿನ ಚರ್ಚುಗಳನ್ನು ನಡೆಸುವ ಹಕ್ಕು ಇವರದ್ದು. ಆದರೆ ಸಂಘದವರು ಬಿಟ್ಟುಕೊಡಲಿಲ್ಲ. ಇವರಿಗೆ ಯೋಗ್ಯತೆ ಸಾಲದು ಎಂಬುದು ಅವರ ವಾದ. ಮೇಲ್ನೋಟಕ್ಕೆ ಇದು ಹುದ್ದೆಗಳ ಜಗಳ, ಒಳಗೆ ಚರ್ಮದ ಬಣ್ಣದ ಜಗಳ. ಪೆದ್ರೊ ಪೆಲಾಯೆಝ್ ಎಂಬ ಹಿರಿಯ ಪಾದ್ರಿ ಈ ಹೋರಾಟದ ಮುಂದಾಳು. 1863ರ ಭೂಕಂಪದಲ್ಲಿ ಮನಿಲಾದ ಕ್ಯಾಥೆಡ್ರಲ್ ಕುಸಿದಾಗ ಅವರು ಅದರಡಿ ಸಿಕ್ಕಿ ಸತ್ತರು. ಅವರ ಶಿಷ್ಯ ಬುರ್ಗೋಸ್ ಹೋರಾಟವನ್ನು ಕೈಗೆತ್ತಿಕೊಂಡರು.

ಆ ಕಾಲದಲ್ಲಿ ‘ಫಿಲಿಪ್ಪಿನೋ’ ಎಂದರೆ ಅಲ್ಲಿ ಹುಟ್ಟಿದ ಸ್ಪ್ಯಾನಿಷ್ ಮೂಲದವರು ಮಾತ್ರ. ಸ್ಥಳೀಯರನ್ನು ಕರೆಯುತ್ತಿದ್ದದ್ದು ‘ಇಂದಿಯೊ’ ಎಂದು. ಈ ಒಂದು ಪದ ಹೇಗೆ ಮೆಲ್ಲನೆ ಅಗಲವಾಯಿತು, ಯಾರು ಯಾರನ್ನು ಒಳಗೆ ಕರೆದುಕೊಂಡಿತು ಎಂಬುದೇ ಸಿನಿಮಾದ ನಿಜವಾದ ಕಥೆ. ಪದವೊಂದು ಅಗಲವಾಗುವುದನ್ನು ಕುದುರೆ ಓಡಿಸಿ ತೋರಿಸಲು ಬರುವುದಿಲ್ಲ. ಅದು ಊಟದ ಮೇಜಿನಲ್ಲಿ, ಚರ್ಚಿನ ಪಡಸಾಲೆಯಲ್ಲಿ, ವಿದ್ಯಾರ್ಥಿಗಳ ಗುಂಪಿನಲ್ಲಿ ನಡೆಯುವ ಮಾತಿನಲ್ಲೇ ಆಗುವಂಥದ್ದು. ಮಾತು ಹೆಚ್ಚಾಯಿತು ಎಂಬ ತಕರಾರಿಗೆ ನನ್ನ ಉತ್ತರ ಇಷ್ಟೇ: ಇಲ್ಲಿ ಮಾತೇ ಘಟನೆ. ಸರ್ಕಾರ ಬುರ್ಗೋಸರಿಗೆ ಹೆದರಿದ್ದು ಅವರ ಕೈಯಲ್ಲಿ ಬಂದೂಕು ಇದ್ದುದಕ್ಕಲ್ಲ.

1872ರ ಜನವರಿ 20ರಂದು ಕವೀತೆಯ ಶಸ್ತ್ರಾಗಾರದಲ್ಲಿ ಸುಮಾರು ಇನ್ನೂರು ಸೈನಿಕರೂ ಕೆಲಸಗಾರರೂ ದಂಗೆ ಎದ್ದರು. ತೆರಿಗೆಯಿಂದ, ಬಿಟ್ಟಿ ದುಡಿಮೆಯಿಂದ ಅವರಿಗಿದ್ದ ವಿನಾಯಿತಿಯನ್ನು ಹೊಸ ಗವರ್ನರ್ ಜನರಲ್ ರಫಾಯೆಲ್ ದೆ ಇಝ್‌ಕಿಯೆರ್ದೊ ಕಿತ್ತುಹಾಕಿದ್ದೇ ಅವರ ಸಿಟ್ಟಿಗೆ ಕಾರಣ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ದಂಗೆ ಬಲು ಬೇಗ ಅಡಗಿತು. ಆದರೆ ಸರ್ಕಾರಕ್ಕೆ ಅದೊಂದು ಅವಕಾಶವಾಯಿತು. ಸ್ಪೇನಿನ ಆಳ್ವಿಕೆಯನ್ನೇ ಕಿತ್ತೊಗೆಯುವ ಪಿತೂರಿ ಇದು, ಇದರ ಹಿಂದೆ ಪಾದ್ರಿಗಳಿದ್ದಾರೆ ಎಂದಿತು. ಫ್ರಾನ್ಸಿಸ್ಕೊ ಸಾಲ್ದುವಾ ಎಂಬವನ ಸಾಕ್ಷ್ಯವನ್ನು ಆಧಾರ ಮಾಡಿಕೊಂಡಿತು. ಆಮೇಲೆ ಅದೇ ಸಾಕ್ಷಿಯನ್ನೂ ಅವರೊಂದಿಗೆ ಗರೋಟ್‌ಗೆ ಹಾಕಿತು. ಇಸ್ಪೀಟಿನ ಹುಚ್ಚಿದ್ದ ಝಮೋರಾ ಸಿಕ್ಕಿಬಿದ್ದ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಆಟಕ್ಕೆ ಕರೆದು ಬರೆದ ಚೀಟಿಯಲ್ಲಿ ದುಡ್ಡಿಗೆ ‘ಮದ್ದು ಗುಂಡು’ ಎಂಬ ಆಟಗಾರರ ಗುಟ್ಟಿನ ಮಾತಿತ್ತು, ಪೊಲೀಸರು ಅದನ್ನೇ ಪಿತೂರಿಯ ಪುರಾವೆ ಎಂದರು ಎಂಬ ಕಥೆ ಅದು. ಕೊನೆಯ ದಿನಗಳಲ್ಲಿ ಝಮೋರಾರ ಬುದ್ಧಿ ಸ್ಥಿಮಿತ ತಪ್ಪಿತ್ತು. ಪಾದ್ರಿಪಟ್ಟ ಕಿತ್ತುಹಾಕಿ ಎಂದು ಗವರ್ನರ್ ಕೇಳಿದಾಗ ಆರ್ಚ್‌ಬಿಷಪ್ ಮೆಲಿತೋನ್ ಮಾರ್ತಿನೆಝ್ ಒಪ್ಪಲಿಲ್ಲ. ಹಾಗಾಗಿ ಅವರು ಪಾದ್ರಿಗಳಾಗಿಯೇ ಸತ್ತರು.

‘ನಾಯಕರು ಏನೂ ಮಾಡುವುದಿಲ್ಲ’ ಎಂಬ ಆಕ್ಷೇಪಕ್ಕೆ ಉತ್ತರವೂ ಇದರಲ್ಲೇ ಇದೆ. ಅವರು ದಂಗೆಯನ್ನು ಮಾಡಲೇ ಇಲ್ಲ. ಮಾಡದ ಕೆಲಸಕ್ಕೆ ಸತ್ತವರನ್ನು ಮಾಡಿದವರಂತೆ ತೋರಿಸಿದರೆ ಸಿನಿಮಾಕ್ಕೆ ನಾಯಕ ಸಿಗುತ್ತಾನೆ, ಆದರೆ ಇಝ್‌ಕಿಯೆರ್ದೊ ಹೇಳಿದ ಸುಳ್ಳು ನಿಜವಾಗುತ್ತದೆ. ದೇಶಭಕ್ತಿಯ ಸಿನಿಮಾಗಳು ಈ ಗುಂಡಿಗೆ ಬೀಳುವುದು ಸುಲಭ. ಹುತಾತ್ಮನಿಗೆ ಕೊನೆಯಲ್ಲಿ ಒಂದು ಗರ್ಜನೆ ಕೊಡದಿದ್ದರೆ ಸೀಟಿನಲ್ಲಿ ಕುಳಿತವನಿಗೆ ಸಮಾಧಾನವಿಲ್ಲ. ಸೆಡ್ರಿಕ್ ಹುವಾನ್ ಬುರ್ಗೋಸರಿಗೆ ಗರ್ಜನೆ ಕೊಡುವುದಿಲ್ಲ. ಇದು ನನಗೇ ಯಾಕೆ ಎಂದು ಅರ್ಥವಾಗದ ವಿದ್ಯಾವಂತನ ದಿಗ್ಭ್ರಮೆಯನ್ನು ಕೊಡುತ್ತಾರೆ. ಆ ಮೈದಾನದಲ್ಲಿ ಬುರ್ಗೋಸ್ ತಾನು ಯಾವ ತಪ್ಪನ್ನೂ ಮಾಡಿಲ್ಲ ಎಂದು ಕೂಗಿದರೆಂದೂ, ಪಕ್ಕದಲ್ಲಿದ್ದ ಪಾದ್ರಿ ಕ್ರಿಸ್ತನೂ ನಿರಪರಾಧಿಯೇ ಆಗಿದ್ದ ಎಂದರೆಂದೂ ಹಳೆಯ ಕಥನಗಳು ಹೇಳುತ್ತವೆ. ಸಾಂತ್ವನದ ಮಾತು ಇಷ್ಟು ಕ್ರೂರವಾಗಿ ಕೇಳಿಸಿದ್ದು ನನಗೆ ಬೇರೆ ನೆನಪಿಲ್ಲ.

ವಿಮರ್ಶಕರು ಇನ್ನೊಂದು ತೊಂದರೆಯನ್ನೂ ಎದುರಿಸಬೇಕಿತ್ತು. ಬುರ್ಗೋಸ್ ಬರೆದವು ಎಂದು ಬಹುಕಾಲ ನಂಬಿದ್ದ ಹಲವು ಬರಹಗಳು, ‘ಲಾ ಲೋಬಾ ನೇಗ್ರಾ’ ಎಂಬ ಕಾದಂಬರಿಯೂ ಸೇರಿ, ನಕಲಿ. ಹೊಸೆ ಮಾರ್ಕೊ ಎಂಬಾತ ಇಪ್ಪತ್ತನೇ ಶತಮಾನದಲ್ಲಿ ಹೊರತಂದ ಹುಸಿ ದಾಖಲೆಗಳಿವು ಎಂದು ಜಾನ್ ಶುಮಾಕರ್ ಎಂಬ ಜೆಸ್ವಿಟ್ ಇತಿಹಾಸಕಾರರು ತೋರಿಸಿಕೊಟ್ಟರು. ಹೀಗೆ ಕೃತಿಗಳೆಲ್ಲ ಕಳಚಿದ ಮೇಲೆ ಬುರ್ಗೋಸರ ಸ್ವಂತ ದನಿ ಉಳಿದಿರುವುದು ಬಹಳ ಕಡಿಮೆ. 1864ರಲ್ಲಿ ಸ್ಥಳೀಯ ಪಾದ್ರಿಗಳ ಪರವಾಗಿ ಹೆಸರಿಲ್ಲದೆ ಪ್ರಕಟವಾದ ಮನವಿಯೊಂದು ಅವರದ್ದೆಂದು ಹೇಳುತ್ತಾರೆ. ಸಿನಿಮಾದ ಬುರ್ಗೋಸ್ ಕೆಲವು ಕಡೆ ಪ್ರಬಂಧ ಓದಿದಂತೆ ಮಾತಾಡುತ್ತಾರೆ ಎಂಬ ದೂರು ಸುಳ್ಳಲ್ಲ. ಆದರೆ ಇಲ್ಲದ ದನಿಯನ್ನು ಬರಹಗಾರರು ಕಟ್ಟಬೇಕಿತ್ತು, ಮತ್ತು ನಕಲಿಯ ಚರಿತ್ರೆ ಇರುವ ಜಾಗದಲ್ಲಿ ಹೊಸ ಮಾತು ಹುಟ್ಟಿಸಲು ಕೈ ನಡುಗುತ್ತದೆ.

ಇಷ್ಟೆಲ್ಲ ಸಮರ್ಥನೆ ಹೇಳಿದ ಮೇಲೂ ಕೆಲವು ಆಕ್ಷೇಪಗಳು ನಿಂತೇ ಇರುತ್ತವೆ. ಕವೀತೆಯಲ್ಲಿ ನಿಜಕ್ಕೂ ಕೋವಿ ಎತ್ತಿದ ಸೈನಿಕರು, ಕೂಲಿಯವರು ಸಿನಿಮಾದ ಅಂಚಿನಲ್ಲಿ ಉಳಿಯುತ್ತಾರೆ. ಅವರಲ್ಲೂ ಅನೇಕರು ಸತ್ತರು, ಆದರೆ ಅವರ ಹೆಸರು ಜೋಡಿಸಿ ಯಾರೂ ಪದ ಮಾಡಲಿಲ್ಲ. ಹೆಂಗಸರು ಇದ್ದೂ ಇಲ್ಲದಂತಿದ್ದಾರೆ. ಇನ್ನೊಂದು ಪ್ರಶ್ನೆ ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚು ಕಾಣಲಿಲ್ಲ. ಈ ಸಿನಿಮಾ ಮಾಡಿದವರಲ್ಲಿ ಮುಖ್ಯರು ಜೆಸ್ವಿಟ್ ಸಂಘದ ಮಾಧ್ಯಮ ಸಂಸ್ಥೆ ‘ಜೆಸ್‌ಕಾಮ್’. ಹಿಂದೆ ಅದೇ ಸಂಸ್ಥೆ ತಮ್ಮ ಸಂಘದ ಸ್ಥಾಪಕನ ಮೇಲೆ ‘ಇಗ್ನಾಸಿಯೊ ದೆ ಲೊಯೋಲಾ’ ಎಂಬ ಚಿತ್ರ ಮಾಡಿತ್ತು. ಹದಿನೆಂಟನೇ ಶತಮಾನದಲ್ಲಿ ಹೊರಹಾಕಲ್ಪಟ್ಟಿದ್ದ ಜೆಸ್ವಿಟರು 1859ರಲ್ಲಿ ಫಿಲಿಪ್ಪೀನ್ಸಿಗೆ ಮರಳಿದಾಗ ಅವರಿಗೆ ಮಿಂದನಾವೊ ದ್ವೀಪದ ಚರ್ಚುಗಳನ್ನು ಕೊಟ್ಟರು. ದಾವಾವೋ ಇರುವುದೂ ಅದೇ ದ್ವೀಪದಲ್ಲಿ. ಅಲ್ಲಿಂದ ಎದ್ದ ರಿಕೊಲೆಟ್ ಸಂಘಕ್ಕೆ ಪರಿಹಾರವಾಗಿ ಸಿಕ್ಕಿದ್ದು ಕವೀತೆ ಮತ್ತು ಮನಿಲಾ ಸುತ್ತಲಿನ ಚರ್ಚುಗಳು, ಅಂದರೆ ಸ್ಥಳೀಯ ಪಾದ್ರಿಗಳ ಕೈಯಲ್ಲಿದ್ದವು. ಬುರ್ಗೋಸರ ತಲೆಮಾರಿನ ಸಿಟ್ಟು ಕೆರಳಿದ್ದರಲ್ಲಿ ಈ ಅದಲುಬದಲಿನ ಪಾಲು ದೊಡ್ಡದು. ಜೆಸ್ವಿಟರ ತಪ್ಪು ಇದರಲ್ಲಿ ಎಷ್ಟು ಎಂಬುದು ಬೇರೆ ಮಾತು, ಆದರೆ ಕೆಟ್ಟವರೆಲ್ಲ ಬೇರೆ ಸಂಘದವರು ಎಂಬ ಭಾವನೆ ಬರುವ ಚಿತ್ರವನ್ನು ಜೆಸ್ವಿಟರೇ ಮಾಡಿದಾಗ ಕೇಳಬೇಕಾದ ಪ್ರಶ್ನೆಯಂತೂ ಹೌದು. ಹಾಗೆಯೇ, ಬುರ್ಗೋಸರ ಸುತ್ತಲಿನ ನಕಲಿಯನ್ನು ಬಯಲು ಮಾಡಿದವರೂ ಜೆಸ್ವಿಟರೇ ಎಂಬುದನ್ನೂ ಮರೆಯಬಾರದು.

ಕನ್ನಡದ ಓದುಗರಿಗೆ ಇದು ತೀರಾ ದೂರದ ಕಥೆಯಲ್ಲ. ನಮ್ಮ ಗಡಿಯಾಚೆಯ ಗೋವಾದಲ್ಲಿ 1787ರಲ್ಲಿ ಇಂಥದೇ ಅಸಮಾಧಾನ ಪಿತೂರಿಯ ಮಟ್ಟಕ್ಕೆ ಹೋಗಿತ್ತು. ಮೇಲಿನ ಹುದ್ದೆಗಳೆಲ್ಲ ಬಿಳಿಯರಿಗೇ ಹೋಗುತ್ತಿವೆ ಎಂದು ನೊಂದ ಗೋವಾದ ಪಾದ್ರಿಗಳೂ ಸೈನಿಕರೂ ಸೇರಿದ್ದ ‘ಪಿಂಟೊಗಳ ಪಿತೂರಿ’ ಅದು. ಪೋರ್ಚುಗೀಸರು ಹಲವರನ್ನು ಕೊಂದರು, ಪಾದ್ರಿಗಳನ್ನು ಹಡಗು ಹತ್ತಿಸಿ ಲಿಸ್ಬನ್ನಿನ ಸೆರೆಮನೆಗೆ ಸಾಗಿಸಿದರು. ಅವರ ಹೆಸರುಗಳು ನಮ್ಮ ಬಾಯಿಪಾಠದಲ್ಲಿಲ್ಲ. ಮನಿಲಾದ ಮೂವರು ಒಂದು ದೇಶದ ಆರಂಭವಾದದ್ದು ಅವರು ಸತ್ತದ್ದರಿಂದ ಮಾತ್ರವಲ್ಲ, ಆ ಸಾವನ್ನು ನೋಡಿದವರು ಅದನ್ನು ಬಿಡದೆ ಹೇಳುತ್ತಾ ಹೋದದ್ದರಿಂದ.

ಸಿನಿಮಾದ ಹೊತ್ತೂ ಅಂಥದ್ದೇ ಆಗಿತ್ತು. ನಿರ್ದೇಶಕರ ತಾತ ಹೊಸೆ ಡಿಯೊಕ್ನೊ ಸೆನೆಟರ್ ಆಗಿದ್ದವರು. 1972ರಲ್ಲಿ ಹಿರಿಯ ಮಾರ್ಕೋಸ್ ಮಾರ್ಷಲ್ ಲಾ ಹೇರಿದಾಗ ಆರೋಪವೇ ಇಲ್ಲದೆ ಸುಮಾರು ಎರಡು ವರ್ಷ ಸೆರೆಯಲ್ಲಿದ್ದವರು. ಮೊಮ್ಮಗನ ಮೊದಲ ಚಿತ್ರ ‘ಎಂಗ್ವೆಂಟ್ರೊ’ ಬೀದಿ ಹುಡುಗರನ್ನು ಬೇಟೆಯಾಡುವ ಕೊಲೆಗಡುಕ ಗುಂಪಿನ ಬಗ್ಗೆ ಇತ್ತು. 2009ರಲ್ಲಿ ಅದಕ್ಕೆ ವೆನಿಸ್‌ನಲ್ಲಿ ಪ್ರಶಸ್ತಿ ಬಂತು. ‘ಗೊಂಬುರ್ಝಾ’ ಬಿಡುಗಡೆಗೆ ಒಂದು ತಿಂಗಳ ಹಿಂದಷ್ಟೇ ಮಾಜಿ ಸೆನೆಟರ್ ಲೈಲಾ ದೆ ಲಿಮಾ ಆರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದು ಜಾಮೀನಿನ ಮೇಲೆ ಹೊರಬಂದಿದ್ದರು. ಅವರ ವಿರುದ್ಧ ಸಾಕ್ಷಿ ನುಡಿದವರಲ್ಲಿ ಕೆಲವರು ತಮ್ಮ ಮಾತನ್ನು ಹಿಂತೆಗೆದುಕೊಂಡಿದ್ದರು. ಸಾಲ್ದುವಾ ಸಾಕ್ಷಿ ಹೇಳುವುದನ್ನು ಆ ಡಿಸೆಂಬರಿನಲ್ಲಿ ಥಿಯೇಟರಿನಲ್ಲಿ ನೋಡಿದವರಿಗೆ ಅದು ನೂರೈವತ್ತು ವರ್ಷದ ಹಿಂದಿನ ಸಂಗತಿಯಾಗಿ ಕಂಡಿರಲಾರದು. ಇಂಥ ಹೊತ್ತಿನಲ್ಲಿ ವಿಮರ್ಶಕ ಏನು ಮಾಡಬೇಕು? ಸಿನಿಮಾದ ಗತಿ ನಿಧಾನ ಎಂದು ಬರೆದರೆ ಎದುರು ಪಾಳೆಯಕ್ಕೆ ಅನುಕೂಲವಾಗುತ್ತದೆಯೇ? ಒಳ್ಳೆಯ ಉದ್ದೇಶದ ಚಿತ್ರ, ಆದ್ದರಿಂದ ಸುಮ್ಮನಿರೋಣ ಎನ್ನಬೇಕೇ?

ಇದಕ್ಕೆ ಉತ್ತರವಾಗಿ ನನಗೆ ಹೊಳೆಯುವುದು ಹೊಸೆ ರಿಝಾಲ್. 1872ರಲ್ಲಿ ಅವರು ಹತ್ತು ವರ್ಷದ ಹುಡುಗ. ಅವರ ಅಣ್ಣ ಪಸಿಯಾನೊ ಬುರ್ಗೋಸರಿಗೆ ಬಹಳ ಹತ್ತಿರದವರು. ಸಿನಿಮಾದಲ್ಲಿ ಆ ಪಾತ್ರವನ್ನು ಎಲೈಜಾ ಕನ್ಲಾಸ್ ಮಾಡಿದ್ದಾರೆ. 1872 ಇಲ್ಲದಿದ್ದರೆ ತಾನು ಬಹುಶಃ ಜೆಸ್ವಿಟ್ ಪಾದ್ರಿಯಾಗಿರುತ್ತಿದ್ದೆ ಎಂಬರ್ಥದಲ್ಲಿ ರಿಝಾಲ್ ಗೆಳೆಯನಿಗೆ ಪತ್ರ ಬರೆದಿದ್ದರು. 1891ರಲ್ಲಿ ಗೆಂಟ್ ನಗರದಲ್ಲಿ ಅಚ್ಚಾದ ತಮ್ಮ ‘ಎಲ್ ಫಿಲಿಬುಸ್ತೆರಿಸ್ಮೊ’ ಕಾದಂಬರಿಯನ್ನು ಅವರು ಈ ಮೂವರಿಗೆ ಅರ್ಪಿಸಿದರು. ಆ ಅರ್ಪಣೆಯಲ್ಲಿ ಮರಣದಂಡನೆಯ ದಿನಾಂಕ ಫೆಬ್ರವರಿ 28 ಎಂದಿದೆ. ಗೋಮೆಝ್‌ಗೆ 85 ವರ್ಷ, ಬುರ್ಗೋಸ್‌ಗೆ 30, ಝಮೋರಾಗೆ 35 ಎಂದಿದೆ. ದಿನಾಂಕವೂ ತಪ್ಪು, ಮೂವರ ವಯಸ್ಸೂ ತಪ್ಪು. ಐದು ವರ್ಷದ ನಂತರ, 1896ರ ಡಿಸೆಂಬರ್ 30ರಂದು, ರಿಝಾಲರನ್ನೂ ಅದೇ ಬಗುಂಬಾಯನ್ನಿನಲ್ಲಿ ಗುಂಡಿಟ್ಟು ಕೊಂದರು.

ಆಮೇಲೆ ಬಂದ ಸಂಪಾದಕರು, ಅನುವಾದಕರು, ಮೇಷ್ಟರುಗಳು ಆ ಅರ್ಪಣೆಯ ಕೆಳಗೆ ಅಡಿಟಿಪ್ಪಣಿ ಹಾಕಿ ಸರಿಯಾದ ದಿನಾಂಕ, ಸರಿಯಾದ ವಯಸ್ಸು ಬರೆಯುತ್ತಾ ಬಂದಿದ್ದಾರೆ. ರಿಝಾಲರ ಮೇಲಿನ ಗೌರವಕ್ಕಾಗಿ ತಪ್ಪನ್ನು ಬಿಟ್ಟವರಿಲ್ಲ. ತಪ್ಪಿದೆಯೆಂದು ಅರ್ಪಣೆಯ ಪುಟವನ್ನು ಹರಿದವರೂ ಇಲ್ಲ. ‘ಗೊಂಬುರ್ಝಾ’ ಬಗ್ಗೆ ಬಂದ ಒಳ್ಳೆಯ ವಿಮರ್ಶೆಗಳೆಲ್ಲ, ಹೊಗಳಿದವೂ ತೆಗಳಿದವೂ, ನನಗೆ ಆ ಅಡಿಟಿಪ್ಪಣಿಗಳ ಹಾಗೆ ಕಂಡವು. ಇತಿಹಾಸ ಗಾಳಿಮಾತು ಎನ್ನುವವರಿಗೆ ಮೂವರ ವಯಸ್ಸು ಎಷ್ಟಿದ್ದರೂ ಒಂದೇ. 85 ಅಲ್ಲ, 72 ಎಂದು ತಿದ್ದಲು ಕೂರುವವರಿಗೆ ಮಾತ್ರ ಆ ಮುದುಕ ನಿಜಕ್ಕೂ ಬದುಕಿದ್ದ, ನಿಜಕ್ಕೂ ಸತ್ತ.